ಕೊಯ್ಲಾದ ಹೊಲಕ್ಕೆ ಬಂದ ಡ್ರೋನ್

ತಿಂಥಣಿ
2 ಜೂನ್ 2025

ಜೈಭೀಮನಿಗೆ,

ನಾನು ದೇವುವಿನ ಅಕ್ಕ, ಸವಿತಾ. ನೀನು ನಮ್ಮ ಮನೆಗೆ ಬಂದಾಗಲೆಲ್ಲ ನಾನು ಪಂಚಾಯಿತಿ ಗ್ರಂಥಾಲಯದ ಕೆಲಸದಲ್ಲಿದ್ದೆ. ಹಾಗಾಗಿ ನಾವು ಸರಿಯಾಗಿ ಮಾತಾಡಿಲ್ಲ.

ನೀನಿರುವ ಆಸ್ಪತ್ರೆಗೆ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕನೆಯ ಸಲ ಒಬ್ಬ ನರ್ಸ್, ಸ್ಫೋಟದಲ್ಲಿ ನಿನ್ನ ಎರಡೂ ಕಿವಿಗಳ ತಮಟೆ ಹರಿದಿವೆ, ಫೋನ್ ಕೊಟ್ಟು ಉಪಯೋಗವಿಲ್ಲ ಎಂದು ಹಿಂದಿಯಲ್ಲಿ ಹೇಳಿದರು. ನಿನ್ನ ಫೋನು ಸುಟ್ಟುಹೋಗಿದೆಯೆಂದೂ ಅವರೇ ಹೇಳಿದ್ದು. ವಿಳಾಸ ಕೇಳಿ ಬರೆದುಕೊಂಡೆ.

ದೇವು ಮೇ ಹದಿಮೂರನೆಯ ತಾರೀಖು ಮನೆಗೆ ಬಂದ. ಹೈದರಾಬಾದಿನವರೆಗೆ ವಿಮಾನ, ಅಲ್ಲಿಂದ ಆಂಬುಲೆನ್ಸ್. ಪೆಟ್ಟಿಗೆ ತೆರೆಯುವುದು ಬೇಡ ಎಂದು ಜೊತೆಗೆ ಬಂದವರು ಹೇಳಿದರು. ನಾವು ತೆರೆಯಲಿಲ್ಲ. ಅವ್ವ ಅವನ ಮುಖ ನೋಡಲಿಲ್ಲ.

ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದಿತ್ತು. ಗಡಿಯಾಚೆಯಿಂದ ಹಾರಿಬಂದ ಸೇನಾ ಡ್ರೋನ್ ಪಂಜಾಬಿನ ಹಳ್ಳಿಯೊಂದರ ಮೇಲೆ ಬಿದ್ದು, ಕೊಯ್ಲು ಯಂತ್ರದ ಜೊತೆ ಹೋಗಿದ್ದ ರಾಜ್ಯದ ಕಾರ್ಮಿಕ ‘ದೇವಕುಮಾರ, 31, ರಾಯಚೂರು ಜಿಲ್ಲೆ’ ಮಲಗಿದ್ದಲ್ಲೇ ಮೃತಪಟ್ಟ ಎಂದು. ಅವನ ಹೆಸರು ದೇವು, ವಯಸ್ಸು ಇಪ್ಪತ್ತೇಳು, ಜಿಲ್ಲೆ ಯಾದಗಿರಿ. ನಾಲ್ಕು ಸಾಲಿನಲ್ಲಿ ಮೂರು ತಪ್ಪು. ಉಳಿದದ್ದಾದರೂ ನಿಜವೇ ಎಂದು ನಿನ್ನನ್ನು ಕೇಳಬೇಕಾಗಿದೆ.

ಇನ್ನು ಅವ್ವ ಹೇಳಿದ್ದು. ಅವಳು ಹೇಳಿದಂತೆಯೇ ಬರೆಯುತ್ತೇನೆ.

“ಜೈಭೀಮಾ, ಹ್ಯಾಂಗದಿಯಪ್ಪ? ನಿನಗ ಕಿವಿ ಕೇಳಂಗಿಲ್ಲಂತ ಸವಿತಾ ಹೇಳ್ಯಾಳ. ನಂಗ ಮತ್ತೇನೂ ಬ್ಯಾಡ. ಕಡೀಕ ನನ್ನ ಮಗ ಹ್ಯಾಂಗಿದ್ದ, ಏನ್ ಮಾಡಾಕತ್ತಿದ್ದ, ಏನಂದ, ಅಷ್ಟ ಹೇಳು. ದೊಡ್ಡ ದೊಡ್ಡ ಸಾಹೇಬ್ರು ಬಂದು ಕೈ ಮುಗದು ಹೋದ್ರು. ಅವರ್ಯಾರೂ ಅಲ್ಲಿರಲಿಲ್ಲ. ನೀ ಇದ್ದಿ.”

ಇದನ್ನು ಹೇಳಿ ಮುಗಿಸಿದ ಮೇಲೆ, “ಒಂದಸಲ ಓದು” ಎಂದಳು. ಓದಿದೆ. “ಹೌದು, ಅಷ್ಟ” ಎಂದಳು.

ಸವಿತಾ


ಆಸ್ಪತ್ರೆಯಿಂದ
19 ಜೂನ್ 2025

ಸವಿತಕ್ಕನವರಿಗೆ ಜೈಭೀಮ್.

ಹೀಗೆ ಬರೆದರೆ ದೇವು ನಗುತ್ತಿದ್ದ. “ನಿನಗ ನೀನ ಕೈ ಮುಗಕೊಂಡಂಗ ಆತಲೇ” ಎನ್ನುತ್ತಿದ್ದ. ಅಭ್ಯಾಸ, ಬಿಡಲಾಗುವುದಿಲ್ಲ.

ನಿಮ್ಮ ಪತ್ರ ಬಂದು ಒಂಬತ್ತು ದಿನ ಆಯಿತು. ಕಾಲಿನಲ್ಲಿದ್ದ ಲೋಹದ ಚೂರುಗಳನ್ನು ತೆಗೆದಿದ್ದಾರೆ. ಕೋಲು ಹಿಡಿದು ನಡೆಯುತ್ತೇನೆ. ಇಲ್ಲಿ ಎಲ್ಲರೂ ನನ್ನ ಹತ್ತಿರ ಬಾಯಿ ಅಗಲಿಸಿ ಮಾತಾಡುತ್ತಾರೆ. ಪಂಜಾಬಿ ಮೊದಲೇ ನನಗೆ ಅರ್ಧ ತಿಳಿಯುತ್ತಿತ್ತು, ಈಗ ಅದೂ ಇಲ್ಲ. ಒಂದು ತಿಂಗಳಿಂದ ಕನ್ನಡ ನೋಡಿದ್ದು ನಿಮ್ಮ ಪತ್ರದಲ್ಲೇ.

ಅವ್ವನಿಗೆ ಮೊದಲಿಂದ ಹೇಳುತ್ತೇನೆ. ನಮ್ಮ ಸರ್ದಾರ ಎಂಟು ವರ್ಷದಿಂದ ಶಹಾಪುರ, ಸುರಪುರದ ಕಡೆ ಭತ್ತ ಕೊಯ್ಯಲು ಯಂತ್ರ ತರುತ್ತಾನಲ್ಲ, ಅವನ ಜೊತೆಯೇ ನಾವಿಬ್ಬರೂ ಏಪ್ರಿಲಿನಲ್ಲಿ ಗೋದಿ ಕೊಯ್ಲಿಗೆ ಬಂದದ್ದು. ದೇವು ಓಡಿಸುತ್ತಿದ್ದ, ನಾನು ಬೆಲ್ಟು, ಬ್ಲೇಡು ನೋಡಿಕೊಳ್ಳುತ್ತಿದ್ದೆ. ಗೋದಿ ಮುಗಿದ ಮೇಲೆ ಹೊಟ್ಟು ಮಾಡುವ ಕೆಲಸಕ್ಕೆ ಉಳಿದೆವು. ಸರ್ದಾರನ ಊರಿನಿಂದ ಗಡಿಯ ಬೇಲಿ ನಾಲ್ಕು ಕಿಲೋಮೀಟರ್.

ಮೇ ಎಂಟನೆಯ ತಾರೀಖು ಸಂಜೆ ಊರಲ್ಲಿ ದೀಪ ಹಚ್ಚಬಾರದೆಂದು ಸಾರಿದರು. ಸರ್ದಾರನ ಅತ್ತಿಗೆ ಕತ್ತಲಲ್ಲೇ ರೊಟ್ಟಿ ಕೊಟ್ಟರು, ಆಲೂಗಡ್ಡೆ ಪಲ್ಯ, ಮಜ್ಜಿಗೆ. ದೇವು ನಾಲ್ಕು ರೊಟ್ಟಿ ತಿಂದ. “ಭಾಬಿ, ಒಂದಿನ ನಮ್ಮ ಊರಿಗಿ ಬರ್ರಿ, ಜ್ವಾಳದ ರೊಟ್ಟಿ ತಿಂದ್ರ ಇದನ್ನ ಎಮ್ಮಿಗಿ ಹಾಕ್ತೀರಿ” ಎಂದು ಕನ್ನಡದಲ್ಲೇ ಹೇಳಿದ. ಹೊಗಳಿದ ಎಂದುಕೊಂಡು ಅವರು ಇನ್ನೊಂದು ರೊಟ್ಟಿ ಹಾಕಿದರು. ಅವರೂ ಇದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿದ್ದರು. ಹನ್ನೊಂದನೆಯ ದಿನ ತೀರಿಕೊಂಡರು. ಪತ್ರಿಕೆಯಲ್ಲಿ ಅದು ಬಂತೋ ಇಲ್ಲವೋ.

ಒಳಗೆ ಮಲಗಿ ಎಂದು ಸರ್ದಾರ ಹೇಳಿದ್ದ. ಸೆಕೆಗೆ ನಾವು ಅಂಗಳದಲ್ಲಿ ಯಂತ್ರದ ಪಕ್ಕ ಮಂಚ ಹಾಕಿಕೊಂಡೆವು. ದೇವು ನೀಲಿ ಅಂಗಿ ಹಾಕಿದ್ದ. ನಾನೂ ಪಕ್ಕದ ಮಂಚದಲ್ಲಿ ನಿದ್ದೆಯಲ್ಲಿದ್ದೆ. ಬೆಳಗಿನ ಐದರ ಸುಮಾರು. ಪೂರ್ವದ ಕಡೆ ಬೂದಿ ಬಣ್ಣ, ತೊಟ್ಟಿಯ ನೀರು ತಣ್ಣಗಿತ್ತು. ದೊಡ್ಡ ಶಬ್ದ ಬಂತು, ಆಮೇಲೆ ಶಬ್ದವೇ ಇಲ್ಲ. ಯಂತ್ರದ ಡೀಸೆಲ್ ಟ್ಯಾಂಕಿಗೆ ಬೆಂಕಿ ಹತ್ತಿತ್ತು.

ಅವನಿಗೆ ಏನೂ ತಿಳಿದಿರಲಿಕ್ಕಿಲ್ಲ. ಅವ್ವನಿಗೆ ಹಾಗೆ ಹೇಳಿ.

ಜೈಭೀಮ


ತಿಂಥಣಿ
3 ಜುಲೈ 2025

ಜೈಭೀಮನಿಗೆ,

ನಿನ್ನ ಪತ್ರವನ್ನು ಅವ್ವನಿಗೆ ಮೂರು ಸಲ ಓದಿ ಹೇಳಿದೆ. ರೊಟ್ಟಿಯ ಮಾತು ಬಂದಾಗ ಮೂರು ಸಲವೂ ನಕ್ಕಳು. ಆಮೇಲೆ, “ಏನಂದಾಂತ ಬರದೇ ಇಲ್ಲಲ್ಲ” ಎಂದಳು. ಮಾತಾಡುವ ಮೊದಲೇ ಸತ್ತ ಎಂದೆ. ಅವಳು ನನ್ನ ಮುಖ ನೋಡಿದಳು.

ಅವಳಿಗೆ ಹೇಳದ ವಿಷಯ ಒಂದಿದೆ. ಅದನ್ನು ನಿನಗೇ ಬರೆಯುತ್ತಿದ್ದೇನೆ.

ನಾನು ಕೆಲಸದ ಹೊತ್ತಿನಲ್ಲಿ ಓದುವುದೇ ಹೆಚ್ಚು. ಬೇರೆ ದೇಶದ ಕಥೆಗಳು, ಕನ್ನಡಕ್ಕೆ ಬಂದಂಥವು. ನಾನು ನೋಡದ ಊರು, ತಿನ್ನದ ಊಟ. ಅದಕ್ಕೇ ಒಂದೊಂದು ಪದವನ್ನೂ ಹಿಡಿದು ಓದಬೇಕಾಗುತ್ತದೆ. ನಿನ್ನ ಪತ್ರವನ್ನೂ ಹಾಗೆಯೇ ಓದಿದೆ. ನೀನು ನಿದ್ದೆಯಲ್ಲಿದ್ದೆ ಎಂದು ಬರೆದಿದ್ದೀಯ. ಮುಂದಿನ ಸಾಲಿನಲ್ಲೇ ಆಕಾಶ ಬೂದಿ ಬಣ್ಣಕ್ಕಿತ್ತು, ತೊಟ್ಟಿಯ ನೀರು ತಣ್ಣಗಿತ್ತು ಎಂದಿದ್ದೀಯ. ನಿದ್ದೆಯಲ್ಲಿದ್ದವನಿಗೆ ಆಕಾಶದ ಬಣ್ಣ ಕಾಣುವುದಿಲ್ಲ. ಮಂಚದ ಮೇಲಿದ್ದವನಿಗೆ ತೊಟ್ಟಿಯ ನೀರು ತಾಕುವುದಿಲ್ಲ.

ನೀನು ಎದ್ದಿದ್ದೆ. ಅವನು ಎದ್ದಿದ್ದನೇ?

ನಾನು ಸಿಟ್ಟಿನಿಂದ ಕೇಳುತ್ತಿಲ್ಲ. ನಮ್ಮ ಮನೆಯಲ್ಲಿ ಈಗ ಇಬ್ಬರೇ. ಅಪ್ಪ ತೀರಿಕೊಂಡಾಗ ದೇವುವಿಗೆ ಆರು ವರ್ಷ, ಅವನನ್ನು ಶಾಲೆಗೆ ಕರೆದುಕೊಂಡು ಹೋದವಳು ನಾನು. ಅವ್ವ ಹಗಲೆಲ್ಲ ಕಳೆ ಕೀಳಲು ಹೋಗುತ್ತಾಳೆ, ಬಂದು ಕೂರುತ್ತಾಳೆ. ಅವಳು ಏನನ್ನೋ ಕಾಯುತ್ತಿದ್ದಾಳೆ. ಅದು ದೇವುವಿನ ಕೊನೆಯ ಮಾತೊಂದೇ ಅಲ್ಲ ಎಂದು ನನಗೆ ಅನ್ನಿಸುತ್ತದೆ. ಆದರೆ ಏನೆಂದು ಹೇಳುವುದಿಲ್ಲ.

ಏನಾದರೂ ಸರಿ, ನಡೆದದ್ದನ್ನು ಬರೆ.

ಸವಿತಾ


ಶಿರವಾಳ
30 ಜುಲೈ 2025

ಸವಿತಕ್ಕನವರಿಗೆ,

ಲಕೋಟೆಯ ಮೇಲೆ ಶಹಾಪುರದ ಮುದ್ರೆ ನೋಡಿ ಆಶ್ಚರ್ಯವಾಗಿರಬಹುದು. ನಾನು ಊರಿಗೆ ಬಂದು ಹನ್ನೆರಡು ದಿನ ಆಯಿತು. ರೈಲು ಯಾದಗಿರಿಯಲ್ಲಿ ನಿಂತದ್ದು ತಿಳಿಯದೆ ಕೂತೇ ಇದ್ದೆ. ಎದುರಿನವರು ಬೋರ್ಡು ತೋರಿಸಿ ಇಳಿಸಿದರು. ಶಹಾಪುರದಲ್ಲಿ ಬಸ್ಸು ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ನಿಮ್ಮ ಮನೆ ಮುಂದೆ ಇರುತ್ತೇನೆ. ಹತ್ತಲಿಲ್ಲ. ನನ್ನ ಅವ್ವ ಸುಂದ್ರಮ್ಮ ದಿನಾ ಕೈ ಆಡಿಸಿ ಹೋಗು ಎಂದು ತೋರಿಸುತ್ತಾಳೆ.

ನೀವು ಹಿಡಿದದ್ದು ಖರೆ. ನಾನು ಎದ್ದಿದ್ದೆ.

ನಿಮಗೆ ಗೊತ್ತಿದ್ದದ್ದೇ, ನಮ್ಮ ಕಡೆ ಬೆಳೆಯ ಔಷಧಕ್ಕೆ ಎಣ್ಣಿ ಅನ್ನುತ್ತೇವೆ, ಸಿಂಪಡಿಸುವುದಕ್ಕೆ ಎಣ್ಣಿ ಹೊಡಿಯೋದು ಅನ್ನುತ್ತೇವೆ. ಎರಡು ವರ್ಷದಿಂದ ಭತ್ತಕ್ಕೂ ಹತ್ತಿಗೂ ಡ್ರೋನ್ ಬಂದಿದೆ. ನಮ್ಮವರಿಗೆ ಡ್ರೋನ್ ಎಂದರೆ ಅದೊಂದೇ. ಪಂಜಾಬಿನಲ್ಲಿ ಗದ್ದಲ ಶುರುವಾಗಿ ಎರಡು ದಿನ ಆಗಿತ್ತು. ಎತ್ತರದಲ್ಲಿ ಗುಂಯ್ ಎನ್ನುತ್ತ ಹೋಗುತ್ತಿದ್ದವು, ಸೈನ್ಯದವರು ಹೊಡೆದು ಉರುಳಿಸುತ್ತಿದ್ದರು. ಊರವರು ಹೆದರಿ ಒಳಗೆ ಹೋದಾಗಲೆಲ್ಲ ದೇವು ಮತ್ತು ನಾನು ಕನ್ನಡದಲ್ಲಿ ನಗೆಯಾಡುತ್ತಿದ್ದೆವು. “ಎಣ್ಣಿ ಹೊಡಿಯಾಕ ಬಂದಾವ ನೋಡಲೇ, ಬಿಂದಿಗಿ ಮುಚ್ಚು” ಎಂದು ಒಬ್ಬರಿಗೊಬ್ಬರು ಹೇಳುತ್ತಿದ್ದೆವು. ಅಲ್ಲಿ ಆ ಮಾತು ತಿಳಿಯುವವರು ನಾವಿಬ್ಬರೇ. ಹೆದರಿಕೆ ಇರಲಿಲ್ಲ ಅಂತಲ್ಲ.

ಆ ಬೆಳಿಗ್ಗೆ ಶಬ್ದ ಕೇಳಿ ನನಗೆ ಎಚ್ಚರವಾಯಿತು. ಹಿಂದಿನ ದಿನದಷ್ಟು ಎತ್ತರದಲ್ಲಿರಲಿಲ್ಲ. ದೇವುವಿಗೂ ಎಚ್ಚರವಾಗಿತ್ತು. ಕಣ್ಣು ಬಿಡದೆ, “ಏನಲೇ ಅದು?” ಎಂದ.

“ಮಲ್ಕೊಲೇ, ಎಣ್ಣಿ ಹೊಡಿಯಾಕ ಬಂದದ” ಎಂದೆ.

“ಬೆಳಿ ಇಲ್ಲದ ಹೊಲಕ್ಕ? ಭಾಳ ಶಾಣ್ಯಾ ಅದಾರ” ಎಂದ. ಅವನ ಕೊನೆಯ ಮಾತು ಅದು. ನಕ್ಕು, ಹೊದಿಕೆಯನ್ನು ಮುಖದ ಮೇಲೆ ಪೂರ್ತಿ ಎಳೆದುಕೊಂಡು ಗೋಡೆ ಕಡೆ ತಿರುಗಿದ. ನಾನು ಮುಖ ತೊಳೆಯಲು ಬೋರಿನ ತೊಟ್ಟಿಗೆ ಹೋದೆ. ಅದು ಇಟ್ಟಿಗೆ ಗೋಡೆಯ ಆಚೆ. ಬೊಗಸೆಯಲ್ಲಿ ನೀರಿತ್ತು.

ನನ್ನನ್ನು ಉಳಿಸಿದ್ದು ಆ ಗೋಡೆ. ಅವನನ್ನು ಮಂಚದ ಮೇಲೆ ಉಳಿಸಿದ್ದು ನನ್ನ ಮಾತು. “ಏಳಲೇ” ಎಂದಿದ್ದರೆ ಏಳುತ್ತಿದ್ದ. ಅದು ಯಾವ ಡ್ರೋನ್ ಎಂದು ನನಗೆ ಗೊತ್ತಿತ್ತು ಅಕ್ಕ. ಗೊತ್ತಿದ್ದೇ ಹಾಗೆ ಅಂದೆ.

ಇದನ್ನು ಅವ್ವನಿಗೆ ಓದುವುದು ಬಿಡುವುದು ನಿಮ್ಮ ಕೈಯಲ್ಲಿದೆ.

ಜೈಭೀಮ


ತಿಂಥಣಿ
24 ಆಗಸ್ಟ್ 2025

ಜೈಭೀಮನಿಗೆ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಅಂಚೆಯ ಗುರಪ್ಪ ಅದನ್ನು ಮನೆಗೆ ಕೊಡದೆ ಗ್ರಂಥಾಲಯಕ್ಕೆ ತಂದುಕೊಟ್ಟ. ಪತ್ರವೇನಾದರೂ ಬಂತೇ ಎಂದು ಅವ್ವ ಕೇಳಿದಾಗ ಇಲ್ಲ ಎಂದೆ.

ಮೊದಲ ವಾರ ನಿನ್ನ ಮೇಲೆ ಸಿಟ್ಟಿತ್ತು. ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಮೊನ್ನೆ ಗುರುವಾರ ಒಂದು ವಿಷಯ ತಿಳಿಯಿತು.

ಆ ದಿನ ಬೆಳಿಗ್ಗೆ ನಮ್ಮೂರಿನ ಲಕ್ಷ್ಮಿಕಾಂತ ಮನೆ ಪಕ್ಕದ ಭತ್ತದ ಗದ್ದೆಗೆ ತನ್ನ ಡ್ರೋನ್ ತಂದಿದ್ದ. ಎಣ್ಣಿ ಹೊಡೆಯುವ ಡ್ರೋನ್. ಮನೆಗಳವರೆಲ್ಲ ನೀರು ಮುಚ್ಚಿ, ಮೂಗಿಗೆ ಬಟ್ಟೆ ಕಟ್ಟಿ ಒಳಗೆ ಹೋದರು. ಅವ್ವ ಮಾತ್ರ ಅಂಗಳದಲ್ಲಿ ಬರಿಯ ಮುಖ ಎತ್ತಿ ನಿಂತಿದ್ದಳು. ನೆರೆಯ ಅಮೃತಮ್ಮ ಬಾಗಿಲಿನಿಂದಲೇ ಕೂಗಿದಳು: “ಯಂಕವ್ವಾ, ನಿಂಗೇನ್ ಹುಚ್ಚ ಹಿಡದದೇನ? ಗಾಳಿಗಿ ಎಣ್ಣಿ ಇತ್ತ ಬರಾಕತ್ತದ. ಮಕಕ್ಕ ಸೆರಗರ ಹಾಕ್ಕೊಳವಾ!”

“ಬ್ಯಾಡ ಬಿಡು. ಮಕ ಮುಚ್ಚೋದ ಸಾಕಾತು” ಎಂದಳು ಅವ್ವ.

ಕೈ ಹಿಡಿದು ಒಳಗೆ ತಂದೆ. ಮುಖ ತೊಳೆಸಿದೆ. ಆಗ ಹೇಳಿದಳು. ಮೇ ಎಂಟನೆಯ ತಾರೀಖು ಸಂಜೆ ದೇವು ಅವಳಿಗೆ ಫೋನ್ ಮಾಡಿದ್ದನಂತೆ. ನಾನು ಆಗ ಮನೆಗೆ ಬಂದಿರಲಿಲ್ಲ.

“ಇಲ್ಲಿ ಡ್ರೋನ್ ಭಾಳ ಬರಾಕತ್ತಾವವ್ವ ಅಂದ. ಗಡಿಯಾಗ ಗದ್ಲ ನಡದದಂತ ಟೀವಿಯಾಗ ನೋಡಿದ್ದೆ, ಖರೆ. ಆದ್ರ ಡ್ರೋನ್ ಅಂದಕೂಡ್ಲೇ ನಂಗ ಎಣ್ಣಿದೇ ನೆನಪಾತು. ಎಣ್ಣಿ ಹೊಡಿಯಾಕ ಬಂದ್ರ ಎದ್ದು ತಿರಗ್ಯಾಡಬ್ಯಾಡೋ, ಮಕ ತುಂಬ ಹೊದಕೊಂಡು ಮಲ್ಕೊ ಅಂದೆ. ನಕ್ಕ. ಹೂನವ್ವ ಹಂಗ ಮಾಡ್ತೀನಿ ಅಂದ. ಯಾಕ ನಗ್ತಾನಂತ ನಂಗ ತಿಳೀಲಿಲ್ಲ. ಆಮ್ಯಾಲ ತಿಳೀತು. ಸವಿತಾ, ಅವ ಮಕ ಮುಚ್ಕೊಂಡಿದ್ನೇನು? ಅದನ್ನ ಕೇಳು ಜೈಭೀಮಗ. ಬ್ಯಾರೆ ಏನೂ ಬ್ಯಾಡ.”

ಮೂರು ತಿಂಗಳಿಂದ ಅವಳು ಕಾಯುತ್ತಿದ್ದದ್ದು ಇದನ್ನು.

ಉತ್ತರ ನನ್ನ ಕಪಾಟಿನಲ್ಲೇ ಇದೆ. ಅದನ್ನು ಅವಳಿಗೆ ಹೇಳಿದರೆ, ತನ್ನ ಮಾತು ಕೇಳಿಯೇ ಮಗ ಹೋದ ಎಂದುಕೊಳ್ಳುತ್ತಾಳೆ. ಅವಳು ಹೇಳಿದ್ದನ್ನು ನಿನಗೆ ತಿಳಿಸಿದರೆ, ಮಂಚದ ಮೇಲೆ ಅವನನ್ನು ಉಳಿಸಿದ್ದು ನಿನ್ನ ಮಾತೊಂದೇ ಅಲ್ಲ ಎಂದು ನಿನಗೆ ತುಸು ಹಗುರವಾಗಬಹುದು. ಆದರೆ ನಿನ್ನ ಮೇಲಿಂದ ಇಳಿದದ್ದು ಅವಳ ಮೇಲೆ ಕೂರುತ್ತದೆ. “ಅವನಿಗಿ ಇದೆಲ್ಲ ಬರೀಬ್ಯಾಡ” ಎಂದೂ ಅವಳು ಹೇಳಿದ್ದಾಳೆ.

ಇದನ್ನು ಯಾರಿಗೆ ಬರೆಯುತ್ತಿದ್ದೇನೋ ಗೊತ್ತಿಲ್ಲ. ಅಂಚೆಗೆ ಹಾಕುವುದಿಲ್ಲ.

ಸವಿತಾ


ಶಿರವಾಳ
20 ಸೆಪ್ಟೆಂಬರ್ 2025

ಸವಿತಕ್ಕನವರಿಗೆ,

ನಿಮ್ಮಿಂದ ಉತ್ತರ ಬರಲಿಲ್ಲ. ಬರಬೇಕು ಎಂದು ಕೇಳುತ್ತಿಲ್ಲ.

ಎಡಗಿವಿ ಇನ್ನು ಕೇಳುವುದಿಲ್ಲ, ಬಲಗಿವಿಗೆ ಮುಂದೆ ಸ್ವಲ್ಪ ಕೇಳಿಸಬಹುದು ಎಂದು ಕಲಬುರಗಿಯ ಡಾಕ್ಟರು ಬರೆದು ತೋರಿಸಿದರು. ಮನೆಯವರು ನನ್ನ ಜೊತೆ ಮಾತಾಡುವುದನ್ನು ನಿಧಾನಕ್ಕೆ ಬಿಟ್ಟಿದ್ದಾರೆ. ಅವರ ತಪ್ಪಲ್ಲ, ಎಷ್ಟಂತ ಬರೆಯುತ್ತಾರೆ. ಎಲ್ಲರೂ ನಗುವಾಗ ನಾನೂ ನಗುತ್ತೇನೆ.

ಅವ್ವ ಹೇಗಿದ್ದಾರೆ, ಅಷ್ಟು ತಿಳಿಸಿದರೆ ಸಾಕು.

ಜೈಭೀಮ


ತಿಂಥಣಿ
5 ಅಕ್ಟೋಬರ್ 2025

ಜೈಭೀಮನಿಗೆ,

ಅವ್ವ ಇದ್ದಾಳೆ. ನಿನ್ನ ಜುಲೈ ತಿಂಗಳ ಪತ್ರವನ್ನು ನಾನು ಅವಳಿಗೆ ಓದಿಲ್ಲ. ನಿನ್ನನ್ನು ಕಾಪಾಡಲಿಕ್ಕೆ ಎಂದುಕೊಳ್ಳಬೇಡ. ಕಾರಣ ಬೇರೆ, ಅದನ್ನು ಬರೆಯಲಾರೆ.

ಅವಳಿಗೆ ನಿನ್ನನ್ನು ಒಂದು ಮಾತು ಕೇಳುವುದಿದೆ. ನನ್ನ ಮೂಲಕ ಬೇಡವಂತೆ. “ಕಾಗದಾ ನೀ ಓದ್ತಿ. ನೀ ಓದಿದ್ದನ್ನ ನಾ ಕೇಳ್ತೀನಿ. ನಡುವ ನೀ ಏನರ ಬಿಟ್ರ ನಂಗೇನ್ ಗೊತ್ತಾಗ್ತದ?” ಎಂದಳು. ನನ್ನನ್ನು ಅವಳು ಚೆನ್ನಾಗಿ ಬಲ್ಲಳು. ದೀಪಾವಳಿ ಕಳೆದ ಮೇಲೆ ಬಾ. ಅವಳ ಮಾತನ್ನು ನಾನು ಹಾಳೆಯ ಮೇಲೆ ಬರೆದು ತೋರಿಸುತ್ತೇನೆ. ನೀನು ಬಾಯಲ್ಲಿ ಹೇಳು, ಅವಳಿಗೆ ಕೇಳುತ್ತದೆ.

ಇನ್ನೊಂದು. ನೀನು ಹಿಂದೆ ಬಂದಾಗಲೆಲ್ಲ ಹೊರಗಿನ ಕಟ್ಟೆಯ ಮೇಲೆ ಕೂತು ಹೋದೆ ಎಂದು ಅವ್ವ ನೆನೆಸಿದಳು. ನಾವು ಒಳಗೆ ಕರೆಯಲಿಲ್ಲ ಎನ್ನಲಿಲ್ಲ, ನೀನು ಕೂತು ಹೋದೆ ಎಂದಳು. ಎರಡಕ್ಕೂ ಇರುವ ವ್ಯತ್ಯಾಸ ನಿನಗೂ ಗೊತ್ತು, ನನಗೂ ಗೊತ್ತು. ಈ ಸಲ ಒಳಗೆ ಬಾ.

ಸವಿತಾ


ಶಿರವಾಳ
9 ನವೆಂಬರ್ 2025

ಸವಿತಕ್ಕನವರಿಗೆ,

ನಿಮ್ಮ ಮನೆಗೆ ಬಂದ ದಿನ ಬಸ್ಸು ಹಿಡಿಯುವ ಅವಸರದಲ್ಲಿ ಏನೂ ಹೇಳದೆ ಹೊರಟುಬಿಟ್ಟೆ.

ನನಗೆ ಕಂಡದ್ದನ್ನು ಬರೆಯುತ್ತೇನೆ. ಒಳಗೆ ಬಾ ಎಂದು ನೀವು ಬರೆದಿದ್ದರೂ ನಿಮ್ಮ ಮನೆ ಮುಂದೆ ಬಂದಾಗ ನನ್ನ ಕಾಲು ಕಟ್ಟೆಯ ಹತ್ತಿರವೇ ನಿಂತಿತು. ಅವ್ವ ಹೊರಗೆ ಬಂದು ನೋಡಿದರು. ಕೈ ಹಿಡಿದು ಎಳೆಯುತ್ತಾರೆ ಎಂದುಕೊಂಡೆ. ಎಳೆಯಲಿಲ್ಲ. ತಾವೇ ಬಂದು ಕಟ್ಟೆಯ ಮೇಲೆ ನನ್ನ ಪಕ್ಕ ಕೂತರು. ಓಣಿಯವರು ನೋಡುತ್ತಿದ್ದರು.

ಅವರು ಏನು ಕೇಳುತ್ತಾರೆಂದು ಬಸ್ಸಿನಲ್ಲಿ ಯೋಚಿಸುತ್ತ ಬಂದಿದ್ದೆ. ನೀವು ಹಾಳೆಯ ಮೇಲೆ ಬರೆದದ್ದು, “ಅವನು ಮುಖ ಮುಚ್ಚಿಕೊಂಡಿದ್ದನೇ?” ಎಂದು. ನನಗೆ ಸಮಾಧಾನವಾಯಿತು. ಪೆಟ್ಟಿಗೆ ತೆರೆಯಲಿಲ್ಲವಲ್ಲ, ಮಗನ ಮುಖಕ್ಕೆ ಏನೂ ಆಗಿರಲಿಕ್ಕಿಲ್ಲ ಎಂದು ತಿಳಿಯಲು ಕೇಳುತ್ತಿದ್ದಾರೆ ಎಂದುಕೊಂಡೆ. ಅದಕ್ಕೇ ಜೋರಾಗಿ, “ಹೌದ್ರಿ ಅವ್ವಾರ, ಪೂರಾ ಮುಚ್ಕೊಂಡಿದ್ದ” ಎಂದೆ. ನನ್ನ ದನಿ ಎಷ್ಟು ದೊಡ್ಡದೆಂದು ನನಗೆ ತಿಳಿಯುವುದಿಲ್ಲ. ಎದುರಿನ ಮನೆಯವರು ಹೊರಗೆ ಬಂದದ್ದು ನೋಡಿ ಕೂಗಿದೆ ಎಂದು ಗೊತ್ತಾಯಿತು.

ಆಮೇಲೆ ಎಣ್ಣಿಯ ಮಾತನ್ನೂ ಹೇಳಿದೆ. ಮಲ್ಕೊಲೇ ಎಂದದ್ದು, ಅವನು ನಕ್ಕದ್ದು, ನಾನು ಎದ್ದು ಹೋದದ್ದು. ಹೇಳುವಾಗ ಅವ್ವನ ಮುಖ ನೋಡಲಿಲ್ಲ, ಅವರ ಕೈ ನೋಡುತ್ತಿದ್ದೆ. ಕೈ ಒಂದರ ಮೇಲೊಂದು ಸುಮ್ಮನಿತ್ತು. ಮುಗಿದ ಮೇಲೆ ತಲೆ ಎತ್ತಿದೆ. ಅವರ ತುಟಿ ಆಡಿತು. ನಿಮ್ಮ ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು. “ಅವ್ವಾರು ಏನಂದ್ರು?” ಎಂದು ಕೇಳಿದೆ. ನೀವು, “ಊಟ ಮಾಡು” ಎಂದು ಬರೆದಿರಿ.

ಒಳಗೆ ಕೂತು ಉಂಡೆ.

ಆ ಎರಡು ಪದವನ್ನೇ ಹಿಡಿದುಕೊಂಡು ಹತ್ತು ದಿನ ನಿದ್ದೆ ಮಾಡಿದೆ ಅಕ್ಕ. ಆರು ತಿಂಗಳಲ್ಲಿ ಮೊದಲ ಸಲ. ಹನ್ನೊಂದನೆಯ ದಿನ ಎಚ್ಚರವಾಯಿತು. ಈಗ ನಾನು ದಿನವಿಡೀ ಜನರ ತುಟಿ ನೋಡುವವನು. ಊಟ ಮಾಡು ಎನ್ನಲು ಎಷ್ಟು ಹೊತ್ತು ಬೇಕು ಎಂದು ನನಗೆ ಗೊತ್ತು. ಅವ್ವ ಆಡಿದ್ದು ಅದಕ್ಕಿಂತ ಉದ್ದ ಇತ್ತು.

ಅವರು ಶಾಪ ಹಾಕಿದ್ದರೂ ಸರಿ. ಬರೆದು ಕಳಿಸಿ.

ಜೈಭೀಮ


ತಿಂಥಣಿ
18 ಜನವರಿ 2026

ಜೈಭೀಮನಿಗೆ,

ಎರಡು ತಿಂಗಳು ಉತ್ತರ ಬರೆಯಲಿಲ್ಲ. ನೀನು ಹೇಳಿದ್ದು ಸರಿ. ಅವ್ವ ಆ ದಿನ ಊಟ ಮಾಡು ಎನ್ನಲಿಲ್ಲ. ಒಂದೊಂದು ಪದವನ್ನೂ ಹಿಡಿದು ಓದುತ್ತೇನೆ ಎಂದು ನಿನಗೆ ಬರೆದವಳು ನಾನು. ಬರೆಯುವ ಸರದಿ ಬಂದಾಗ ಅವಳ ಮಾತನ್ನು ಬಿಟ್ಟು ನನ್ನದನ್ನು ಹಾಕಿದೆ.

ಇದರ ಜೊತೆ ಆಗಸ್ಟಿನಲ್ಲಿ ಬರೆದು ಕಳಿಸದ ಪತ್ರ ಇಟ್ಟಿದ್ದೇನೆ. ಮೊದಲು ಅದನ್ನು ಓದು, ಆಮೇಲೆ ಮುಂದಿನದು.

ಓದಿದೆಯಲ್ಲ. ಆ ದಿನ ನಿನ್ನ ಉತ್ತರ ಅವಳಿಗೆ ಏನೆಂದು ಕೇಳಿಸಿತು ಎಂದು ಈಗ ನಿನಗೆ ತಿಳಿದಿರುತ್ತದೆ. ನೀನು ಸಮಾಧಾನ ಹೇಳುತ್ತಿದ್ದೇನೆ ಎಂದುಕೊಂಡು ಓಣಿಗೆಲ್ಲ ಕೇಳುವಂತೆ ಕೂಗಿದೆ. ನಿನ್ನ ಬಾಯಿ ಮುಚ್ಚಿಸೋಣವೆಂದರೆ ನನ್ನ ಕೈಯಲ್ಲಿ ಇದ್ದದ್ದು ಪೆನ್ನು. ಉತ್ತರ ಗೊತ್ತಿದ್ದೂ ನಾನೇ ಹೇಳಲಾರದೆ ನಿನ್ನಿಂದ ಹೇಳಿಸಿದೆ. ಅದು ನನ್ನ ಪಾಲಿನ ತಪ್ಪು.

ನೀನು ಹೋದ ಮೇಲೆ ಅವಳು ಅಳಲಿಲ್ಲ. ಕಳೆ ಕೀಳಲು ಹೋದಳು, ಬಂದಳು, ಉಂಡಳು. ನನ್ನ ಹತ್ತಿರ ಆ ಮಾತು ಮತ್ತೆ ಎತ್ತಲಿಲ್ಲ. ನಿನ್ನ ನವೆಂಬರಿನ ಪತ್ರವನ್ನೂ ನಾನು ಓದಿ ಹೇಳಿರಲಿಲ್ಲ. ನಿನ್ನೆ ರೊಟ್ಟಿ ಬಡಿಯುತ್ತ ತಾನಾಗಿಯೇ ಕೇಳಿದಳು.

“ಜೈಭೀಮಗ ಅವತ್ತ ನಾ ಅಂದದ್ದು ಬರದು ತೋರಿಸಿದೆಲ್ಲ?”

ಇಲ್ಲವ್ವ, ಬೇರೆ ಬರೆದೆ ಎಂದೆ.

“ಏನಂತ?”

“ನೀ ಉಣ್ಣು ಅಂದಿ ಅಂತ.”

ಬಡಿಯುವ ಕೈ ನಿಂತಿತು. “ಭಾಳ ಓದಿದಾಕಿ ನೀ” ಎಂದಳು. ನಾನು ನಿನ್ನ ಪತ್ರ ತಂದು ಪೂರ್ತಿ ಓದಿದೆ, ಏನೂ ಬಿಡದೆ. ಜುಲೈ ತಿಂಗಳದನ್ನೂ ಓದಿದೆ. ರೊಟ್ಟಿ ಹೆಂಚಿನ ಮೇಲೆ ಸೀದುಹೋಯಿತು. ಅದನ್ನು ತೆಗೆದಿಟ್ಟು ಹೇಳಿದಳು:

“ಬರಿ ಅವನಿಗಿ. ನಾ ಫೋನಿನ್ಯಾಗ ಹೇಳಿದ್ದೂ ಬರಿ. ಅದು ಅವನೊಬ್ಬನ ಮ್ಯಾಲ ಇರೋದು ಬ್ಯಾಡ. ನನ್ನ ಪಾಲಿಂದು ನಂಗ ಇರಲಿ.”

ಆದ್ದರಿಂದ ಬರೆಯುತ್ತಿದ್ದೇನೆ. ಕಟ್ಟೆಯ ಮೇಲೆ ನಿನ್ನ ಪಕ್ಕ ಕೂತು, ನಿನ್ನ ಮುಖ ನೋಡಿಕೊಂಡೇ ಅವಳು ಅಂದದ್ದು ಇಷ್ಟು. ಒಂದು ಪದವೂ ನನ್ನದಲ್ಲ.

“ಹುಟ್ಟಿದಾಗಿಂದ ಯಾರ ಮಾತೂ ಕೇಳಿದಾಂವಲ್ಲ. ಅವತ್ತೊಂದಿನ ನಮ್ಮಿಬ್ಬರ ಮಾತೂ ಕೇಳ್ಯಾನ.”

ಸವಿತಾ